ಎರಡು ಸಲ ಚಪ್ಪಾಳೆ

"ಈ ಸಲ ನಾನು ಥರ್ಮಾಸ್ ಜತೆ ಮಾಡ್ತೀನಿ ಕಣೇ," ಅಂದಳು ಬುಗುರಿ, ಬಗ್ಗಿ ಶೂ ಲೇಸ್ ಕಟ್ಟಿಕೊಳ್ಳುತ್ತಾ.

ಲೇಸ್ ಚೆನ್ನಾಗಿಯೇ ಇತ್ತು. ಅವಳು ಅದನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು.

"ಏನನ್ನ?" ಅಂತ ಕೇಳಿದಳು ಕೊಕ್ಕರೆ, ಗೊತ್ತಿದ್ದೂ.

"ಅದೇ, ಫ್ರೆಂಚ್ ಓರಲ್. ಮಿಸ್ ಜೋಡಿ ಹೆಸರು ಕೇಳಿದ್ರಲ್ಲ, ಕೊಟ್ಬಿಟ್ಟೆ."

"ಮತ್ತೆ ನಾನು?"

"ನಿನಗೇನೇ, ಯಾರಾದ್ರೂ ಸಿಗ್ತಾರೆ."

ಯಾರೂ ಸಿಗುವಂತಿರಲಿಲ್ಲ. ಥರ್ಮಾಸ್ ಈ ಶಾಲೆಗೆ ಸೇರಿದ ಮೇಲೆ ಕ್ಲಾಸಿನಲ್ಲಿ ಜೋಡಿ ಲೆಕ್ಕಕ್ಕೆ ಒಬ್ಬರು ಹೆಚ್ಚಾಗಿದ್ದರು. ಆ ಒಬ್ಬರು ಥರ್ಮಾಸೇ ಅಂತ ಕೊಕ್ಕರೆ ಇಲ್ಲಿಯ ತನಕ ತಿಳಿದಿದ್ದಳು.

ಥರ್ಮಾಸ್ ಅಂದರೆ ಹೊಸ ಹುಡುಗಿ. ಅವಳ ಬಾಟಲಿಯ ಮುಚ್ಚಳ ಮುಟ್ಟಿದರೆ ಒಳಗಿನ ನೀರು ಎಷ್ಟು ಬಿಸಿ ಅಂತ ಕೆಂಪು ಅಂಕಿಯಲ್ಲಿ ತೋರಿಸುತ್ತಿತ್ತು. ಮಿಕ್ಕವರು ಅದನ್ನು ಕುಡಿದು ತಿಳಿದುಕೊಳ್ಳಬೇಕಿತ್ತು. ಕೊಕ್ಕರೆ, ಬುಗುರಿ ಅನ್ನುವುದು ಇವರಿಬ್ಬರೂ ಒಬ್ಬರಿಗೊಬ್ಬರು ಇಟ್ಟ ಹೆಸರು. ಒಬ್ಬಳಿಗೆ ಕಾಲು ಉದ್ದ, ಇನ್ನೊಬ್ಬಳು ನಿಂತಲ್ಲಿ ನಿಲ್ಲುವವಳಲ್ಲ.

ಓರಲ್‌ಗೆ ಬಂದಿದ್ದ ಪಾಠವೇ ತಲೆಹರಟೆ. ಹಿಂದೆ ದಿನಾ ಮಾಡುತ್ತಿದ್ದದ್ದನ್ನು ಫ್ರೆಂಚಿನಲ್ಲಿ ಹೇಳಬೇಕು. ನಾನು ಕುಣಿಯುತ್ತಿದ್ದೆ ಅಂದರೆ 'ಜ ದಾನ್ಸೆ'. ನೀನು, ಅವನು, ಅವರು, ಎಲ್ಲರಿಗೂ 'ದಾನ್ಸೆ'ಯೇ. ಬರೆಯುವಾಗ ಬೇರೆ ಬೇರೆ, ಕೇಳುವಾಗ ಒಂದೇ. 'ನಾವು' ಅಂದಕೂಡಲೇ ಬಾಲ ಬದಲಾಗಿ 'ನೂ ದಾನ್ಸಿಯೋಂ' ಆಗುತ್ತದೆ. 'ನೀವು' ಅಂದರೂ ಬದಲಾಗಿ 'ವೂ ದಾನ್ಸಿಯೇ'.

ಇದನ್ನು ಬಾಯಿಪಾಠ ಮಾಡಲು ಇಬ್ಬರೂ ಸೇರಿ ಒಂದು ಚಪ್ಪಾಳೆ ಆಟ ಕಟ್ಟಿದ್ದರು. ಅದು ಹುಟ್ಟಿದ್ದು ಕೊಕ್ಕರೆಯ ಅಮ್ಮನ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ. ಅಲ್ಲಿ ಲಾಡ್ಜಿನ ಬೆಡ್‌ಶೀಟ್‌ಗಳನ್ನು ಮಡಿಸುವ ಕೆಲಸ ಇವರದು. ಆ ಕಡೆ ಒಬ್ಬಳು, ಈ ಕಡೆ ಒಬ್ಬಳು. ತುದಿ ಹಿಡಿದು ಎದುರುಬದುರು ನಡೆದು ಬಂದರೆ ಕೈಗೆ ಕೈ ಸೇರುತ್ತದೆ. ಸೇರಿದ ಕೈ ಸುಮ್ಮನಿರುತ್ತದೆಯೇ? ಬಲಗೈಗೆ ಒಂದು 'ದಾನ್ಸೆ', ಎಡಗೈಗೆ ಒಂದು 'ದಾನ್ಸೆ', 'ನಾವು' ಬಂದಾಗ ಎರಡೂ ಕೈ.

"ನಿಮ್ಮಿಬ್ಬರ ಕೈ ಹತ್ರ ಬಂದ್ರೆ ಸಾಕು, ಶೀಟು ನೆಲ ಒರೆಸುತ್ತೆ. ನಾನು ಮತ್ತೆ ಒಗೀಬೇಕು," ಅಂತ ಅಮ್ಮ ಇಸ್ತ್ರಿಪೆಟ್ಟಿಗೆಯ ಹಬೆಯೊಳಗಿಂದ ಗದರುತ್ತಿದ್ದಳು.

ಆ 'ನಾವು' ಹತ್ತಿರ ಕೊಕ್ಕರೆ ಯಾವಾಗಲೂ ತಡವರಿಸುತ್ತಿದ್ದಳು. ಅವಳ ಕೈ ಸರಿಯಾಗಿ ಕೂರದೆ ಜಾರುತ್ತಿತ್ತು, ಮತ್ತೆ ತಟ್ಟುತ್ತಿದ್ದಳು. ಬುಗುರಿ ನಕ್ಕು ನಕ್ಕು ಕೊನೆಗೆ ಹೇಳಿದ್ದಳು:

"ಹೋಗ್ಲಿ ಬಿಡು ಮಾರಾಯ್ತಿ. ಅಲ್ಲಿ ಎರಡು ಸಲ ತಟ್ಟೋದು ಅಂತಾನೇ ಇಟ್ಕೊಳ್ಳೋಣ."

ಹಾಗೇ ಇಟ್ಟುಕೊಂಡಿದ್ದರು.

ಈಗ ಕೊಕ್ಕರೆ ಲಾಂಡ್ರಿಯ ಗೋಡೆಗೆ ತಟ್ಟಿ ತಟ್ಟಿ ಅಭ್ಯಾಸ ಮಾಡಿದಳು. ಗೋಡೆ ಒಳ್ಳೆಯ ಜೋಡಿಯೇ. ಸಮಯ ತಪ್ಪುವುದಿಲ್ಲ, ಜಾಗ ಬಿಟ್ಟು ಹೋಗುವುದಿಲ್ಲ. ನಗುವುದೂ ಇಲ್ಲ.

ಬಹುಶಃ ಬುಗುರಿ ಥರ್ಮಾಸ್ ಜತೆ ಬೇರೇನೋ ಮಾಡುತ್ತಾಳೆ ಅಂತ ಅವಳು ಅಂದುಕೊಂಡಳು. ಚಾರ್ಟು, ಗೊಂಬೆ, ಏನಾದರೂ. ಚಪ್ಪಾಳೆ ಅಂತೂ ಅಲ್ಲ. ಅದು ಇಬ್ಬರದು.

ಓರಲ್ ದಿನ ಮಿಸ್ ಮೊದಲು ಕರೆದದ್ದೇ ಬುಗುರಿ, ಥರ್ಮಾಸ್ ಜೋಡಿಯನ್ನು. ಇಬ್ಬರೂ ಬೋರ್ಡಿನ ಮುಂದೆ ಎದುರುಬದುರು ನಿಂತರು. ಬುಗುರಿ ಕೈ ಎತ್ತಿದಳು.

ಬಲಗೈ, ಎಡಗೈ, ಬಲಗೈ. ದಾನ್ಸೆ, ದಾನ್ಸೆ, ದಾನ್ಸೆ.

ಕೊಕ್ಕರೆ ತನ್ನ ಎರಡೂ ಕೈಗಳನ್ನು ಬೆಂಚಿನ ಕೆಳಗೆ ಇಟ್ಟುಕೊಂಡಳು.

ನೂ ದಾನ್ಸಿಯೋಂ. ಪಟ್, ಪಟ್.

ಥರ್ಮಾಸಿನ ಕೈ ಎಲ್ಲೂ ಜಾರಲಿಲ್ಲ. ಎರಡೂ ಸಲ ಅಚ್ಚುಕಟ್ಟಾಗಿ, ಮೊಳೆ ಹೊಡೆದ ಹಾಗೆ ಕೂತಿತು.

"ಭೇಷ್! ಆಟ ಚೆನ್ನಾಗಿದೆ," ಅಂದರು ಮಿಸ್. "ಆದರೆ ಎಲ್ಲದಕ್ಕೂ ಒಂದೊಂದು ಸಲ, ಅಲ್ಲಿ ಮಾತ್ರ ಎರಡು ಸಲ ಯಾಕೆ?"

"ಅದು ರೂಲು ಮಿಸ್!" ಅಂದಳು ಥರ್ಮಾಸ್ ಹೆಮ್ಮೆಯಿಂದ.

ಮಿಸ್ ಬುಗುರಿಯ ಕಡೆ ನೋಡಿದರು. ಬುಗುರಿ ಒಂದು ಗಳಿಗೆ ಕೊಕ್ಕರೆಯ ಬೆಂಚಿನ ಕಡೆ ನೋಡಿದಳು. ಮರೆತಿಲ್ಲ, ಅಂತ ಕೊಕ್ಕರೆಗೆ ಗೊತ್ತಾಯಿತು. ಮರೆತಿದ್ದರೆ ಹಾಗೆ ನೋಡುತ್ತಿರಲಿಲ್ಲ.

"ಹೌದು ಮಿಸ್. ಅದು ಮೊದಲಿಂದ ಹಂಗೇ," ಅಂದು ಬುಗುರಿ ತನ್ನ ಶೂ ನೋಡಿಕೊಂಡಳು.

ಶಾಲೆಯ ವಾರ್ಷಿಕೋತ್ಸವಕ್ಕೆ ಸ್ಟೇಜಿನ ಮೇಲೆ ಆಡಲು ಆ ಜೋಡಿಯನ್ನೇ ಆರಿಸಿದರು. ಕೊಕ್ಕರೆಯ ಸರದಿ ಬಂದಾಗ ಅವಳು ಒಬ್ಬಳೇ ಕೈ ಕಟ್ಟಿ ನಿಂತು ಎಲ್ಲವನ್ನೂ ಹೇಳಿದಳು. ಒಂದೂ ತಪ್ಪಿಲ್ಲ. 'ನಾವು' ಹತ್ತಿರ ಕೂಡ ತಡವರಿಸಲಿಲ್ಲ.

"ಎಲ್ಲ ಸರಿ ಇದೆ. ಸ್ವಲ್ಪ ಜೀವ ತುಂಬಿ ಹೇಳಬೇಕಮ್ಮ," ಅಂದರು ಮಿಸ್.

ಸಂಜೆ ಲಾಂಡ್ರಿಯಲ್ಲಿ ಬೆಡ್‌ಶೀಟ್‌ಗಳ ಗುಡ್ಡವೇ ಕಾಯುತ್ತಿತ್ತು. ಅಮ್ಮ ಬಾಗಿಲ ಕಡೆ ನೋಡಿದಳು.

"ಎಲ್ಲೇ ನಿನ್ನ ಬುಗುರಿ? ಇವತ್ತೂ ಬರಲ್ವಾ?"

"ಬರಲ್ಲ."

"ಜಗಳಾನಾ?"

"ಜಗಳ ಆಡಿಲ್ಲ," ಅಂದಳು ಕೊಕ್ಕರೆ. ಅದು ನಿಜವೇ. ಜಗಳ ಆಡಿದ್ದರೆ ರಾಜಿ ಆದರೂ ಆಗಬಹುದಿತ್ತು.

ಅಮ್ಮ ಶೀಟಿನ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಎದುರುಬದುರು ನಡೆದು ಬಂದರು. ಅಮ್ಮನ ಅಂಗೈ ಇಸ್ತ್ರಿಯಿಂದ ಇನ್ನೂ ಬಿಸಿಯಾಗಿತ್ತು. ಕೈಗೆ ಕೈ ಸೇರಿದಾಗ ಕೊಕ್ಕರೆಯ ಕೈ ತನ್ನಷ್ಟಕ್ಕೆ ತಟ್ಟಿತು. ಪಟ್, ಪಟ್. ಶೀಟಿನ ಮೂಲೆ ಜಾರಿತು.

"ಅದ್ಯಾಕೇ ಎರಡು ಸಲ?" ಅಂದಳು ಅಮ್ಮ.

"ನಾನು ಮಾಡ್ತಿದ್ದ ತಪ್ಪಮ್ಮ ಅದು."

"ಮತ್ತೆ, ತಿದ್ಕೊಳ್ಳೋದು ತಾನೇ?"

ಕೊಕ್ಕರೆ ಜಾರಿದ ಮೂಲೆಯನ್ನು ಎತ್ತಿ ಕೊಡವಿದಳು.

"ಇನ್ನು ಆಗಲ್ಲಮ್ಮ. ಈಗ ಅದು ಅವರದು."

ಅಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಗುಡ್ಡದಿಂದ ಇನ್ನೊಂದು ಶೀಟು ಎಳೆದು ಒಂದು ತುದಿಯನ್ನು ಮಗಳ ಕೈಗಿಟ್ಟಳು. ಕೊಕ್ಕರೆ ಅದನ್ನು ಹಿಡಿದು ಹಿಂದೆ ಹಿಂದೆ ಹೋದಳು, ಶೀಟು ಬಿಗಿಯಾಗುವ ತನಕ.