ಗಾಳಿಬಯಲಿನ ಕೊನೆಯ ಕುದುರೆ

ಬೆಟ್ಟಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ ಗಾಳಿಬಯಲು ಎಂಬ ರಾಜ್ಯವಿತ್ತು. ಅಲ್ಲಿನ ಕಾಡುಕುದುರೆಗಳು ಗಾಳಿಗೇ ಹುಟ್ಟಿದವು. ಓಡಿದರೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಕಾಡುಕತ್ತೆಗಳು ಕೆದಕಿದಲ್ಲಿ ನೀರು ಬರುತ್ತಿತ್ತು. ಕಂಡವರು ಉಸಿರು ಬಿಗಿಹಿಡಿದು ನಿಂತುಬಿಡುತ್ತಿದ್ದರು.

ಜನಕ್ಕೆ ಅವೆಂದರೆ ಪ್ರಾಣ. ಹಬ್ಬ ಬಂತೆಂದರೆ ಊರಿಗೆ ಊರೇ ಕೆರೆದಂಡೆಗೆ ಹೋಗಿ ಬೆಲ್ಲ, ಹುರುಳಿ ಸುರಿಯುತ್ತಿತ್ತು. ಪುಣ್ಯ ಬಂತೆಂದು ಮನೆಗೆ ಹೋಗಿ ಮಲಗುತ್ತಿದ್ದರು, ಮಹಾತ್ಮರು. ಹಿಂಡು ಬೆಳೆಯಿತು, ಕೆರೆ ಬಿಟ್ಟು ಕದಲದಾಯಿತು. ತುಳಿದು ತುಳಿದು ಕೆರೆ ಕೆಸರಾಯಿತು, ಹುಲ್ಲು ಬೇರುಸಮೇತ ಹೋಯಿತು. ಮರಿಗಳು ಹಸಿವಿನಿಂದ ಬೀಳತೊಡಗಿದವು.

ರಾಜ ಬಲ್ಲರಸ ಕಂಗಾಲಾಗಿ ಶಿಲಾಕ್ಷನೆಂಬ ಮಾಂತ್ರಿಕನನ್ನು ಕರೆಸಿದ. ಅವನು ದಿಟ್ಟಿಸಿದ ಕುದುರೆ ಕಲ್ಲಾಗುತ್ತಿತ್ತು. ಕಲ್ಲಿಗೆ ಹುಲ್ಲು ಬೇಡವಲ್ಲ. ಬಯಲಿನಲ್ಲಿ ಕಲ್ಲುಕುದುರೆಗಳ ಸಾಲು ಬೆಳೆಯುವುದನ್ನು ಕಂಡು ರಾಜಕುಮಾರಿ ಪದ್ಮಲೆಯ ಎದೆ ಒಡೆಯಿತು. ನಿಲ್ಲಿಸೆಂದು ಶಿಲಾಕ್ಷನನ್ನು ಬೇಡಿಕೊಂಡಳು.

"ಮೂರು ಕೆಲಸ ಆಗಲಿ," ಎಂದ ಶಿಲಾಕ್ಷ. "ಕೆರೆ ತಿಳಿಯಾಗಬೇಕು. ಬಯಲು ಹಸಿರಾಗಬೇಕು. ಹುಲ್ಲು ಸಾಲದೆ ಮಿಕ್ಕ ಒಂದೊಂದು ಪ್ರಾಣಿಯೂ ಹಗ್ಗವಿಲ್ಲದೆ ತಾನಾಗಿ ಒಬ್ಬರ ಹಿಂದೆ ಮನೆಗೆ ಹೋಗಬೇಕು, ಒಬ್ಬರಿಗೆ ಒಂದೇ. ಆಗ ನನ್ನ ಕಣ್ಣಿನ ಮಂತ್ರ ಅಳಿದು ಕಲ್ಲಾದವಕ್ಕೂ ಜೀವ ಬರುತ್ತದೆ. ಒಂದು ಉಳಿದರೂ ಎಲ್ಲವೂ ನನ್ನವು."

ಪದ್ಮಲೆ ಮನೆಮನೆಗೆ ಹೋದಳು. ಬೆಲ್ಲ ಸುರಿಯುವುದನ್ನು ಬಿಡಿ ಎಂದಾಗ ಜನ ಅವಳನ್ನು ಕಲ್ಲೆದೆಯವಳು ಎಂದರು. ಆದರೂ ಬಿಟ್ಟರು. ಹಿಂಡು ಚದುರಿತು, ಕತ್ತೆಗಳು ದೂರದ ಹಳ್ಳಗಳಲ್ಲಿ ನೀರು ಕೆದಕಿದವು. ಕೆರೆ ತಿಳಿಯಾಗಿ ಅದರಲ್ಲಿ ಆಕಾಶ ಇಳಿಯಿತು.

ಆಮೇಲೆ ಜನ ಮಡಿಲಲ್ಲಿ ಹುಲ್ಲಿನ ಬೀಜ ಹೊತ್ತು ಬಿತ್ತಿದರು, ಪಾಳಿಯಲ್ಲಿ ಕಾದರು. ವರ್ಷವರ್ಷ ಮರಿ ಹಾಕದಿರಲೆಂದು ಸೂಲಗಿತ್ತಿಯರು ಹೆಣ್ಣುಕುದುರೆಗಳಿಗೆ ಉಪ್ಪಿನಲ್ಲಿ ಬೇರು ಕಲಸಿ ತಿನ್ನಿಸಿದರು. ಬಯಲು ಹಸಿರಾಯಿತು.

ಮೂರನೆಯದು ಕಷ್ಟ. ನೇರ ನೋಡಿದರೆ ಕಾಡುಕುದುರೆ ಬೆದರುತ್ತದೆ. ಹಾಗಾಗಿ ಕುಂಬಾರರು, ಗಾಣಿಗರು, ಅಕ್ಕಸಾಲಿಗರು ಬಯಲಿಗೆ ಬೆನ್ನು ತಿರುಗಿಸಿ, ತುಟಿ ಪಿಟಕ್ಕೆನ್ನದೆ ಕೂತರು. ಕತ್ತಿನ ಮೇಲೆ ಬಿಸಿಯುಸಿರು ಬಿದ್ದಾಗ ಎದ್ದು ನಡೆದರು. ಗಾಳಿಯ ಮಕ್ಕಳು ಅವರ ಹಿಂದೆ ನಡೆದವು. ಎಂಥ ನೋಟ ಅದು.

ಕೊನೆಗೆ ಒಂದು ಕುಂಟು ಮುದಿ ಹೆಣ್ಣುಕುದುರೆ ಉಳಿಯಿತು. ಪದ್ಮಲೆಯೂ ಸೇರಿ ಎಲ್ಲರ ಹಿಂದೆಯೂ ಒಂದೊಂದು ಪ್ರಾಣಿ ಇತ್ತು. ಶಿಲಾಕ್ಷ ನಗುತ್ತಾ ಕಣ್ಣೆತ್ತಿದ.

"ಅಪ್ಪಾಜಿ, ನೀವೊಬ್ಬರೇ ಉಳಿದಿರೋದು," ಎಂದಳು ಪದ್ಮಲೆ.

"ರಾಜನಾಗಿ ನಾನು ಮಣ್ಣಲ್ಲಿ ಕೂರಲೇನಮ್ಮಾ?"

"ಇವನನ್ನ ಕರೆಸಿದ್ದು ನೀವೇ."

ಬಲ್ಲರಸ ಕಿರೀಟ ತೆಗೆದಿಟ್ಟು ಮಣ್ಣಲ್ಲಿ ಕೂತ. ಕುದುರೆ ಬರಲಿಲ್ಲ. ಬೆನ್ನು ನೋಯಿತು, ನಾಚಿಕೆಯಾಯಿತು, ಆಮೇಲೆ ಅಳು ಬಂತು. ಆ ಕಲ್ಲುಗಳೆಲ್ಲ ತನ್ನ ಅಪ್ಪಣೆಯಿಂದಲೇ ಆದವೆಂದು ಅವನಿಗೆ ಆಗಲೇ ಅರ್ಥವಾದದ್ದು. ಅಷ್ಟರಲ್ಲಿ ಭುಜದ ಮೇಲೆ ಒದ್ದೆ ಮೂತಿಯೊಂದು ಬಂದು ಕೂತಿತು. ಅವನು ಮೆಲ್ಲನೆ ಎದ್ದು ನಡೆದ. ಕುದುರೆ ಕುಂಟುತ್ತಾ ಹಿಂದೆ ಬಂತು.

ಶಿಲಾಕ್ಷನ ಕಣ್ಣು ಬರೀ ಕಣ್ಣಾಯಿತು. ಕಲ್ಲುಕುದುರೆಗಳು ಒಮ್ಮೆಲೇ ಜೀವ ತಾಳಿ ಉಸಿರಾಡಿದವು. ಅವನ್ನೂ ಮನೆಗೊಯ್ಯಲೆಂದು, ಬೆನ್ನು ತಿರುಗಿಸಿ ಕೂರಲು, ಸುದ್ದಿ ಕೇಳಿದ ಪಕ್ಕದ ಸೀಮೆಯವರು ಆಗಲೇ ಓಡಿ ಬರುತ್ತಿದ್ದರು.

ಮುಂದೆ ಬಯಲಲ್ಲಿ ಹುಲ್ಲಿದ್ದಷ್ಟೇ ಹಿಂಡು ಓಡಿತು, ಊರಲ್ಲಿ ಎಲ್ಲರೂ ಸುಖವಾಗಿದ್ದರು. ರಾಜ ಮಾತ್ರ ಬದುಕಿರುವವರೆಗೂ ಮೆಲ್ಲಗೆ ನಡೆದ, ಹಿಂದೆ ಕುಂಟುತ್ತಾ ಬರುವವಳಿಗೆ ಕಾಲು ನೋಯಬಾರದೆಂದು.