ಗಗನನೌಕೆಯ ಕಿಟಕಿ

ಗಗನನೌಕೆಯ ಬಾಗಿಲು ತೆರೆದುಕೊಳ್ಳಲೇ ಇಲ್ಲ!

ಒಳಗೆ ಅವಳು. ಹೊರಗೆ ಕ್ಯಾಮೆರಾ, ಕಣ್ಣು ಕುಕ್ಕುವ ದೀಪಗಳು, ಗಂಟಲು ಹರಿದುಕೊಳ್ಳುತ್ತಿದ್ದ ನಿರ್ದೇಶಕರು. ಟಿ.ವಿ.ಯಲ್ಲಿ ಬರಲಿದ್ದ ವೈಜ್ಞಾನಿಕ ಧಾರಾವಾಹಿಯ ಮೊದಲ ಕಂತಿನ ಚಿತ್ರೀಕರಣ ಅದು. ನೌಕೆಯ ಚಾಲಕಿ ಗಂಭೀರವಾಗಿ ಹೊರಗೆ ಕಾಲಿಡಬೇಕಿತ್ತು. ಈಗ ನೋಡಿದರೆ ಒಂದೇ ಒಂದು ಪುಟ್ಟ ಕಿಟಕಿಯಿದ್ದ ಪ್ಲೈವುಡ್ ಡಬ್ಬಿಯೊಳಗೆ ಬೆವರುತ್ತಾ ನಿಂತಿದ್ದಳು.

"ಸ್ವಲ್ಪ ಹಿಂದೆ ಸರೀರಿ..." ಹೊರಗಿನಿಂದ ಒಂದು ಶಾಂತ ದನಿ. "ಹೆದರ್ಬೇಡಿ."

"ಹೆದರಿಲ್ಲ! ಉಸಿರು ಕಟ್ತಿದೆ!"

"ಹೊರಗೆ ಎರಡೂ ಒಂದೇ ಥರ ಕೇಳ್ಸುತ್ತೆ."

ಬಾಗಿಲು ಕಿತ್ತುಕೊಂಡು ಬಂತು. ಎದುರಿಗೆ ಸೆಟ್ಟಿನ ಬಡಗಿ. ಹುಬ್ಬಿನ ತುಂಬಾ ಮರದ ಪುಡಿ. ಅವನು ಅವಳನ್ನೇ ನೋಡಿದ... ನೋಡುತ್ತಲೇ ಇದ್ದ.

ಅವಳು ಥಟ್ಟನೆ ಎಡಗೆನ್ನೆಗೆ ಕೈ ಅಡ್ಡ ಹಿಡಿದಳು. 'ಕಲೆಯನ್ನೇ ನೋಡ್ತಿದ್ದಾನೆ!'

ಎಡಗೆನ್ನೆಯ ಮೇಲೆ ಚಿಕ್ಕಂದಿನ ಸುಟ್ಟ ಕಲೆ. ಅದರಿಂದಾಗಿಯೇ ಅವಳು ಇಷ್ಟು ವರ್ಷ ರೇಡಿಯೋದಲ್ಲಿ ಬರೀ ದನಿಯಾಗಿ ಬದುಕಿದ್ದಳು. ಕೇಳುಗರಿಗೆ ಆ ದನಿಯೆಂದರೆ ಪ್ರಾಣ. ಮುಖ ಯಾರೂ ಕಂಡಿರಲಿಲ್ಲ. "ಈ ಪಾತ್ರಕ್ಕೆ ನೀವೇ ಬೇಕು" ಎಂದು ನಿರ್ದೇಶಕರು ದುಂಬಾಲು ಬಿದ್ದದ್ದಕ್ಕೆ ಅಳುಕುತ್ತಲೇ ಬಂದಿದ್ದಳು.

ಬಡಗಿ ಹೆಚ್ಚು ಮಾತಿನವನಲ್ಲ. ಆದರೆ ಅವಳ ಕುರ್ಚಿಯಲ್ಲಿ ಚುಚ್ಚುತ್ತಿದ್ದ ಮೊಳೆ ಹೇಳದೆಯೇ ಮಾಯವಾಗಿತ್ತು. ಅವಳಿಗೂ ಅವನನ್ನು ಮಾತಿಗೆಳೆಯುವ ಚಪಲ.

"ಈ ಕೆಂಪು ಗುಂಡಿ ಒತ್ತಿದ್ರೆ ಏನಾಗುತ್ತೆ?"

"ಏನೂ ಆಗಲ್ಲ. ಹಲಗೆಗೆ ಅಂಟಿಸಿರೋದು." ಗುಂಡಿಯ ಮೇಲಿನ ಮರದ ಪುಡಿ ಒರೆಸುತ್ತಾ ಸೇರಿಸಿದ, "ಆದ್ರೂ ನೀವು ಒತ್ತಿದಾಗ ಏನೋ ಆಗೇ ಆಗುತ್ತೆ ಅನ್ಸುತ್ತೆ."

ಅಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಒಬ್ಬಳೇ ನಗುತ್ತಿದ್ದಳು!

ಆದರೆ ಮೊದಲ ಕಂತನ್ನು ನೋಡಿದ ಟಿ.ವಿ. ಕೇಂದ್ರದ ದೊಡ್ಡವರು ತಲೆ ಕೊಡವಿದರು. "ನಂಬಿಕೆಯೇ ಬರಲ್ಲ. ಇನ್ನೊಮ್ಮೆ ತೆಗೀರಿ. ಆಗಲೂ ಹೀಗೇ ಆದ್ರೆ ಧಾರಾವಾಹಿಯೇ ಬೇಡ."

ಆ ಮಧ್ಯಾಹ್ನ ಮೇಕಪ್ ಕೋಣೆಯ ಮುಂದೆ ಹಾದುಹೋಗುವಾಗ ಬಡಗಿ ನಿರ್ದೇಶಕರಿಗೆ ಹೇಳುತ್ತಿದ್ದದ್ದು ಅವಳ ಕಿವಿಗೆ ಬಿತ್ತು.

"ಆ ಮುಖ ಈ ಕಿಟಕಿಗೆ ಹೊಂದಲ್ಲ ಸರ್. ನನಗಂತೂ ನೋಡಕ್ಕಾಗ್ಲಿಲ್ಲ."

ಮುಂದಿನದನ್ನು ಕೇಳಲು ಅವಳು ನಿಲ್ಲಲಿಲ್ಲ. 'ಎಲ್ಲರಂತೆ ನೀನೂನಾ...!'

"ರೇಡಿಯೋಗೆ ವಾಪಸ್ ಹೋಗ್ತೀನಿ ಅಕ್ಕ," ಮನೆಯಲ್ಲಿ ಬಿಕ್ಕಿದಳು.

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. "ಹೋಗು, ಬೇಡ ಅನ್ನಲ್ಲ. ಆದ್ರೆ ಕದ್ದು ಹೋಗ್ಬೇಡ ಕಣೇ. ಅವನ ಎದುರಿಗೇ ಹೇಳಿ ಹೋಗು."

ಬೆಳಿಗ್ಗೆ ಚಾಲಕಿಯ ಉಡುಪನ್ನು ಮಡಿಚಿಕೊಂಡು ಹೋದಳು. ಸ್ಟುಡಿಯೋದಲ್ಲಿ ಬಡಗಿ ಒಬ್ಬನೇ ಇದ್ದ. ನೌಕೆಯ ಮುಂಭಾಗವನ್ನೇ ಕೊಯ್ದು ಹಾಕಿದ್ದ!

"ನೋಡಕ್ಕಾಗದ ಮುಖ ಇನ್ಮೇಲೆ ಇಲ್ಲಿಗೆ ಬರಲ್ಲ. ತಗೊಳ್ಳಿ ಬಟ್ಟೆ!"

ಗರಗಸ ಅವನ ಕೈಯಲ್ಲೇ ನಿಂತಿತು. "ಪೂರ್ತಿ ಕೇಳ್ಸ್ಕೊಂಡ್ರಾ?"

"ಕೇಳಿದ್ದೇ ಸಾಕಾಯ್ತು!"

"ಭೂಮಿ ಬಿಟ್ಟು ಹೊರಡೋವಾಗ ನೀವು ಒಂದ್ಸಲ ತಿರುಗಿ ನೋಡ್ತೀರಲ್ಲ... ಆಗ ನಾನು ಕಿಟಕಿ ಆಚೆ ನಿಂತಿದ್ದೆ. ನಿಜವಾಗ್ಲೂ ಯಾರೋ ನನ್ನ ಬಿಟ್ಟು ಹೋದ ಹಾಗಾಯ್ತು. ಆದ್ರೆ ತೆಗೆದದ್ದನ್ನ ಟಿ.ವಿ.ಲಿ ಹಾಕಿ ತೋರಿಸಿದಾಗ ಏನಿತ್ತು? ತಟ್ಟೆಯಷ್ಟಗಲದ ತೂತು, ಅದ್ರಲ್ಲಿ ಅರ್ಧ ಮುಖ. ಅದೂ ಕಲೆ ಇಲ್ಲದ ಅರ್ಧ. ನಾನು ಕೊರೆದ ಕಿಟಕಿಯೇ ನಿಮ್ಮನ್ನ ಮುಚ್ಚಿಬಿಟ್ಟಿತ್ತು. ಅದನ್ನ ನೋಡಕ್ಕಾಗ್ಲಿಲ್ಲ."

ಅವಳು ಅಲ್ಲೇ ಇದ್ದ ಹಲಗೆಯ ಮೇಲೆ ಕೂತಳು. ಅವನು ಕೊಯ್ದಿದ್ದ ಜಾಗ ಈಗ ಇಡೀ ಮುಖವಲ್ಲ, ಇಡೀ ಆಳೇ ಕಾಣುವಷ್ಟು ದೊಡ್ಡದಾಗಿತ್ತು.

"ಕಲೆ ಕಂಡ್ರೆ ಜನ ನಗಲ್ವಾ?"

"ಗೊತ್ತಿಲ್ಲ. ಜನರ ಪರವಾಗಿ ನಾನು ಹೇಗೆ ಹೇಳ್ಲಿ? ನನ್ನ ಮನಸ್ಸಿಗನಿಸಿದ್ದು ಹೇಳ್ದೆ."

ಸುಳ್ಳು ಸಮಾಧಾನ ಹೇಳಿದ್ದರೆ ಅವಳು ಎದ್ದು ಹೋಗುತ್ತಿದ್ದಳೇನೋ. ಈ 'ಗೊತ್ತಿಲ್ಲ' ಅವಳನ್ನು ತಡೆದು ನಿಲ್ಲಿಸಿತು. ಆಮೇಲೆ ಉಡುಪನ್ನು ಎತ್ತಿಕೊಂಡು ಬಣ್ಣ ಹಚ್ಚಿಸಿಕೊಳ್ಳಲು ನಡೆದಳು. ಅಂದು ದೀಪಗಳಿಗೆ ಮುಖವನ್ನು ಪೂರ್ತಿ ಒಡ್ಡಿ ನಿಂತಳು.

ಈ ಬಾರಿ ಟಿ.ವಿ. ಕೇಂದ್ರದವರು ಒಪ್ಪಿದರು. ಪ್ರಸಾರದ ಸಂಜೆ ಅಕ್ಕನ ಮನೆಯ ಹಾಲ್‌ನಲ್ಲಿ ನೆರೆಹೊರೆಯವರೆಲ್ಲ ಸೇರಿದ್ದರು. ಬಡಗಿಯೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೂಲೆಯಲ್ಲಿ ಕೂತಿದ್ದ. ಚಾಲಕಿ ಕೊನೆಯ ಬಾರಿ ಭೂಮಿಯತ್ತ ತಿರುಗಿದಾಗ ಯಾರೂ ನಗಲಿಲ್ಲ. ಪಕ್ಕದ ಮನೆಯ ಅಜ್ಜಿ ಮೂಗೆಳೆದರು. "ಎಲ್ಲಿಗೆ ಹೋಗ್ತಾಳೋ ಏನೋ, ಪಾಪ..."

"ಇಲ್ಲೇ ಇದ್ದೀನಿ ಅಜ್ಜಿ!" ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತಾ.

ಎಲ್ಲರೂ ಹೊರಟ ಮೇಲೆ ಅವನು ಮೆಟ್ಟಿಲ ಬಳಿ ತಡವರಿಸಿದ. "ಧಾರಾವಾಹಿ ಒಂದು ವರ್ಷ ನಡೆಯುತ್ತಂತೆ... ಅದು ಮುಗಿದ ಮೇಲೂ ನಿಮ್ಮ ಜೊತೆ ಇರ್ಬೇಕು ಅಂತ ಆಸೆ ನನಗೆ."

ಅವಳು ಕೆಳಗಿಳಿದು ಬಂದು ಮೆಲ್ಲನೆ ಅವನ ಕೈ ಹಿಡಿದಳು.

"ಕೈ ಒರಟು..." ಸಂಕೋಚದಿಂದ ಹಿಂದೆಳೆದುಕೊಳ್ಳಲು ಹೋದ.

"ಇರ್ಲಿ," ಎಂದಳು ಅವಳು. "ಬಿಡ್ಬೇಡಿ."