ಉಯ್ಯಾಲೆ ಮಣೆಯ ಚೌಕಾಬಾರ

“ಕೈ ತೆಗೀರಿ ಅದರ ಮೇಲಿಂದ.”

ಜಗುಲಿಯಲ್ಲಿ ಕೂತು ಉಪ್ಪುಕಾಗದದಿಂದ ಉಯ್ಯಾಲೆ ಮಣೆ ಉಜ್ಜುತ್ತಿದ್ದ ಸೇತುರಾಮ ತಲೆ ಎತ್ತಿದ. ರೆಪ್ಪೆಯ ತುಂಬ ಮರದ ಹುಡಿ. ಎದುರಿಗೆ ಕಾಲೇಜಿನಿಂದ ಆಗತಾನೇ ಬಂದ ಮನೆಯ ಹುಡುಗಿ ಅಲಮೇಲು, ಎದೆಗವಚಿದ ಪುಸ್ತಕ, ಮೂಗಿನ ತುದಿಯಲ್ಲಿ ಕೋಪ.

ಎಂಥ ಕೋಪ ಅಂತೀರಿ... ಪಾಪ, ಅವನಿಗೆ ಅದೂ ಚೆನ್ನಾಗಿಯೇ ಕಂಡಿತು.

“ನಿಮ್ಮ ತಂದೆಯೋರೇ ಕರೆಸಿದ್ದು. ಕನ್ನಡಿ ಥರ ಪಾಲಿಷ್ ಮಾಡಿಕೊಡಪ್ಪ ಅಂದ್ರು.”

“ಹೇಳಿರಬಹುದು. ಆ ಗೆರೆ ಏನಾದ್ರೂ ಅಳಿಸಿದ್ರೋ, ಗ್ರಹಚಾರ ಬಿಡಿಸಿಬಿಡ್ತೀನಿ.”

ಮಣೆಯ ನಡುವೆ ಚೌಕಾಬಾರದ ಮನೆಗಳನ್ನು ಕೊರೆದಿತ್ತು. ಅಲಮೇಲುವಿನ ಅಮ್ಮ ಕೈವಾರದ ಮುಳ್ಳಿನಿಂದ ಕೊರೆದದ್ದು. ಒಂದು ಗೆರೆಯೂ ನೆಟ್ಟಗಿಲ್ಲ. ಮಧ್ಯಾಹ್ನ ಅಡುಗೆಮನೆ ತೊಳೆದಾದ ಮೇಲೆ ತಾಯಿ ಮಗಳು ಉಯ್ಯಾಲೆಯ ಎರಡು ತುದಿಗೆ ಕೂತು ಕವಡೆ ಹಾಕುತ್ತಿದ್ದರು. ಅಮ್ಮ ಹೋದ ಮೇಲೆ ಸೀರೆಗಳನ್ನು ಬಳಗದವರಿಗೆ ಹಂಚಿಯಾಗಿತ್ತು. ಅಮ್ಮನ ಕೈ ಓಡಾಡಿದ ಗುರುತು ಅಂತ ಉಳಿದದ್ದು ಇದೊಂದೇ.

ಸೇತುರಾಮ ಗೆರೆಗಳ ಮೇಲೆ ಮೆಲ್ಲಗೆ ಬೆರಳಾಡಿಸಿದ.

“ಅಳಿಸಲ್ಲ ರೀ. ಹಗುರವಾಗಿ ಉಜ್ಜಿ, ಮೇಲೆ ಬಣ್ಣ ಇಲ್ಲದ ವಾರ್ನಿಷ್ ಹಚ್ಚುತಾ ಹೋಗ್ತೀನಿ. ಗೆರೆ ಒಳಗೇ ಇರತ್ತೆ. ಕೈಗೆ ಸಿಗಲ್ಲ, ಕಣ್ಣಿಗೆ ಕಾಣತ್ತೆ.”

“ಮಾತು ಕೊಡ್ತೀರಾ?”

“ಕೊಟ್ಟೆ.”

ಅದು ಅರವತ್ತರ ದಶಕದ ಆರಂಭದ ಜಯನಗರ. ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಯಡಿಯೂರು ಕೆರೆಯ ಗಾಳಿಗೆ ಒಣಹಾಕಿದ ಸೀರೆ ಆಚೆ ಬೀದಿಗೆ ಹಾರಿಹೋದರೂ ಯಾರೋ ಮಡಿಸಿ ತಂದುಕೊಡುತ್ತಿದ್ದ ಕಾಲ. ಸೇತುರಾಮ ವಿಲ್ಸನ್ ಗಾರ್ಡನ್‌ನಿಂದ ಸೈಕಲ್ ತುಳಿದು ಬರುತ್ತಿದ್ದ. ಅಲ್ಲಿ ಅವನ ತಂದೆಯದು ಮೇಜು ಕುರ್ಚಿಯ ಅಂಗಡಿ.

ವಾರ್ನಿಷ್ ಹಚ್ಚುವ ಮುಂಚೆ ಅವನೇ ಕೇಳಿದ. “ಗೆರೆ ಒಳಗೆ ಹೋಗೋಕೆ ಮುಂಚೆ ಒಂದಾಟ ಆಡೋಣ್ವಾ?”

ಆಡಿದರು. ಅವನ ಕೊನೆಯ ಕಾಯಿ ನಡುಮನೆಯ ಪಕ್ಕದಲ್ಲೇ ನಿಂತಿತ್ತು; ಒಂದು ಬಿದ್ದರೆ ಹಣ್ಣು, ಆಟ ಅವನದು. ಅಷ್ಟರಲ್ಲಿ ಅಪ್ಪ ಬದರಿನಾಥರು ಗೇಟು ತೆಗೆದ ಸದ್ದಾಯಿತು. ಕವಡೆ ಅಲಮೇಲುವಿನ ಸೆರಗಿನೊಳಗೆ ಮಾಯ.

“ಬಾಕಿ ಆಟ ಪಾಲಿಷ್ ಆದ ಮೇಲೆ,” ಎಂದು ಪಿಸುಗುಟ್ಟಿದಳು.

ಒಂದು ಸಲ ಹಚ್ಚಿದರೆ ಪೂರ್ತಿ ಒಣಗುವ ತನಕ ಕಾಯಬೇಕು. ಒಣಗಿತೋ ಇಲ್ಲವೋ ನೋಡುವ ನೆಪದಲ್ಲಿ ಅವನು ಬರುವುದು, ಬಂದವನಿಗೆ ಅವಳು ಕಾಫಿ ಕೊಡುವುದು. ಅವನು ಕಡಿಮೆ ಮಾತಿನವನು. ಆದರೆ ಅಮ್ಮನ ವಿಷಯ ಅವಳು ಎಷ್ಟು ಹೇಳಿದರೂ ಕೇಳುತ್ತಿದ್ದ. ‘ಇಷ್ಟು ದಿನ ಯಾರ ಹತ್ತಿರವೂ ಹೇಳಿರಲಿಲ್ಲವಲ್ಲ...’ ಅಂದುಕೊಳ್ಳುತ್ತಿದ್ದಳು ಅಲಮೇಲು. ಸೈಕಲ್ ಬೆಲ್ ಕೇಳಿದರೆ ಸಾಕು, ಕನ್ನಡಿಯ ಮುಂದೆ ಓಡುತ್ತಿದ್ದಳು.

ಇಷ್ಟು ಚೆನ್ನಾಗಿದ್ದದ್ದು ಒಂದು ಮಧ್ಯಾಹ್ನ ಕೆಟ್ಟಿತು.

ಕಾಲೇಜಿನಿಂದ ಬಂದಾಗ ಜಗುಲಿಯಲ್ಲಿ ಅವನಿರಲಿಲ್ಲ. ಮಣೆಯಿತ್ತು. ನಿನ್ನೆಯವರೆಗೆ ಮಿರಮಿರ ಮಿಂಚುತ್ತಿದ್ದ ಮಣೆ ಈಗ ಅಕ್ಕಿಹಿಟ್ಟು ಬಳಿದಂತೆ ಬೆಳ್ಳಗೆ, ಮಂಕಾಗಿ ಬಿದ್ದಿತ್ತು. ಗೆರೆ ಎಲ್ಲಿ? ಅಂಗೈಯಿಂದ ಸವರಿದಳು. ನುಣ್ಣಗಿತ್ತು, ಒಂದು ಗೆರೆಯೂ ಸಿಗಲಿಲ್ಲ.



ಎಣ್ಣೆ ತರಲು ಹೋಗಿದ್ದ ಸೇತುರಾಮ ಗೇಟಿನೊಳಗೆ ಬಂದ.

“ಏನು ಮಾಡಿಬಿಟ್ರಿ? ನಮ್ಮಮ್ಮನ್ನೇ ಉಜ್ಜಿ ಹಾಕಿಬಿಟ್ರಲ್ಲ...”

“ಅಯ್ಯೋ, ಹಾಗಲ್ಲ. ಇನ್ನೂ ಮುಗಿದಿಲ್ಲ ಇದು. ಒಂದ್ನಿಮಿಷ, ನೀರು—”

“ಮಾತು ಕೊಟ್ಟಿದ್ರಿ. ನಂಬಿದ್ನಲ್ಲ, ನನಗೆ ಬುದ್ಧಿ ಇಲ್ಲ. ಹೋಗಿ. ಇನ್ನು ಈ ಕಡೆ ಬರಬೇಡಿ.”

ಅವಳು ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅಳುವ ಸದ್ದು ಕೇಳುತ್ತಿದ್ದರೆ ಅವನಾದರೂ ಏನು ವಾದ ಮಾಡಿಯಾನು? ಅವನಿಗೂ ನೋವಾಗಿತ್ತು. ‘ಇಷ್ಟು ದಿನ ಮಾತಾಡಿ ನನ್ನ ತಿಳಿದುಕೊಂಡಿದ್ದು ಇಷ್ಟೇನಾ...’ ಪಾಲಿಷ್ ತಿಕ್ಕುವ ಉಣ್ಣೆ ಬಟ್ಟೆಯನ್ನು ಜಗುಲಿಯಲ್ಲೇ ಮರೆತು ಹೊರಟುಹೋದ.

ಮಣೆಯನ್ನು ಅವಳು ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ಸೋದರತ್ತೆ ಚೂಡಾಮಣಿ ಮೈಸೂರಿನ ಹುಡುಗನೊಬ್ಬನ ಸಂಬಂಧ ತಂದರು. ವಿಜಯದಶಮಿಗೆ ಹೆಣ್ಣು ನೋಡಲು ಬರುತ್ತಾರಂತೆ. “ಹ್ಞೂಂ” ಅಂದುಬಿಟ್ಟಳು. ಯಾರಾದರೆ ತನಗೇನು?

ಆದರೆ ಬೀದಿಯಲ್ಲಿ ಯಾರದೇ ಸೈಕಲ್ ಬೆಲ್ ಆದರೂ ತಲೆ ಮಾತ್ರ ಆ ಕಡೆಗೇ ತಿರುಗುತ್ತಿತ್ತು.

ನವರಾತ್ರಿ ಬಂತು. ಬೊಂಬೆ ಕೂರಿಸಲು ಹಲಗೆ ಸಾಲಲಿಲ್ಲ.

“ಆ ಮಣೆ ಸುಮ್ನೆ ಕೂತಿದ್ಯಲ್ಲೇ,” ಅಂದರು ಅತ್ತೆ. “ಒರೆಸಿ ತಗೊಂಡ್ ಬಾ.”

ಮನಸ್ಸಿಲ್ಲದ ಮನಸ್ಸಿನಿಂದ ಒದ್ದೆ ಬಟ್ಟೆ ಹಿಡಿದು ಕೂತಳು. ಒಂದು ಸಲ ಎಳೆದಳು.

ಬಿಳಿ ಪುಡಿ ಹೋಗಿ, ನೀರು ಹರಡಿದ ಜಾಗದಲ್ಲಿ ಒಂದು ಸೊಟ್ಟ ಗೆರೆ ಕಂಡಿತು.

ಬಕೆಟ್ಟಿಗೆ ಬಟ್ಟೆ ಅದ್ದಿ ಮಣೆಯುದ್ದಕ್ಕೂ ನೀರು ಹಿಂಡಿದಳು. ಅಮ್ಮನ ಮನೆಗಳೆಲ್ಲ ಒಂದೊಂದಾಗಿ ಎದ್ದು ಬಂದವು, ನಡುಮನೆಯ ಅಡ್ಡಗೀಟು ಸಮೇತ. ನೀರು ಆರುತ್ತಿದ್ದಂತೆ ಮತ್ತೆ ಮಂಕಾಯಿತು. ಮತ್ತೆ ಒರೆಸಿದಳು, ಮತ್ತೆ ಬಂತು.

ಹೊಳಪನ್ನು ಮೊದಲು ಉಜ್ಜಿ ಮಂಕು ಮಾಡಿ, ಆಮೇಲೆ ಎಣ್ಣೆ ಹಚ್ಚಿ ತಿಕ್ಕಿದರೇ ಕನ್ನಡಿಯಾಗುವುದು. ಅವನು ಹೇಳಲು ಹೊರಟದ್ದು ಇದನ್ನೇ... ನೀರು ಅಂದಿದ್ದ. ತಾನು ಬಾಗಿಲು ಹಾಕಿಕೊಂಡಿದ್ದಳು.

“ಅಪ್ಪಾ,” ಎಂದಳು. ಕಣ್ಣೀರು ಮಣೆಯ ಮೇಲೆ ಬೀಳುತ್ತಿತ್ತು. “ಮೈಸೂರಿನವರಿಗೆ ಬೇಡ ಅಂತ ಬರೀರಿ.”

ಬದರಿನಾಥರು ಪೇಪರ್ ಕೆಳಗಿಟ್ಟರು. “ಒಂದು ಹಲಗೆಗೆ ಅಷ್ಟು ಕಾಫಿ ಯಾರಮ್ಮ ಕೊಡ್ತಾರೆ? ನಂಗೆ ಆಗ್ಲೇ ಗೊತ್ತಿತ್ತು. ಹೋಗಿ ಕರ್ಕೊಂಡು ಬಾ. ಅವರ ತಂದೆ ಹತ್ರ ನಾನು ಮಾತಾಡ್ತೀನಿ.”

ವಿಲ್ಸನ್ ಗಾರ್ಡನ್‌ನ ಅಂಗಡಿಯಲ್ಲಿ ಸೇತುರಾಮ ಕುರ್ಚಿಯೊಂದರ ಕಾಲು ತಿಕ್ಕುತ್ತಿದ್ದ. ಅವಳನ್ನು ನೋಡಿ ಎದ್ದು ನಿಂತ. ಅವಳು ಮಾತಾಡದೆ ಉಣ್ಣೆ ಬಟ್ಟೆಯನ್ನು ಚಾಚಿದಳು.

“ಒದ್ದೆ ಮಾಡಿ ನೋಡಿದೆ.”

ಅವನು ಬಟ್ಟೆಗೆ ಕೈ ಚಾಚಲಿಲ್ಲ.

“ತಪ್ಪಾಯ್ತು. ನೀವು ಬರದೇ ಇದ್ರೆ ಆ ಮಣೆ ಹಾಗೇ ಇರ್ಲಿ, ಬೇರೆ ಯಾರೂ ಮುಟ್ಟೋದು ಬೇಡ. ನಾನೂ ಹಾಗೇ ಇದ್ಬಿಡ್ತೀನಿ.”

“ಹೆಣ್ಣು ನೋಡೋಕೆ ಬರ್ತಾರೆ ಅಂತ ಕೇಳಿದೆ...”

“ಬೇಡ ಅಂದೆ.”

ಅವನು ಬಟ್ಟೆ ತೆಗೆದುಕೊಂಡು ಸೈಕಲ್ಲಿನ ಕಡೆ ನಡೆದ. ಮುಖ ತಿರುಗಿಸಿದ್ದು ಕಣ್ಣು ಒರೆಸಿಕೊಳ್ಳಲು, ಅಷ್ಟೇ.

ವಿಜಯದಶಮಿಯ ಸಂಜೆ ಮಣೆ ಮತ್ತೆ ಸರಪಳಿಗೆ ಏರಿತು. ಬಗ್ಗಿದರೆ ಇಬ್ಬರ ಮುಖವೂ ಅದರಲ್ಲಿ ಕಾಣುತ್ತಿತ್ತು. ಮುಖಗಳ ಕೆಳಗೆ ಅಮ್ಮನ ಸೊಟ್ಟ ಗೆರೆಗಳು.

ಅಲಮೇಲು ಸೆರಗಿನ ಗಂಟು ಬಿಚ್ಚಿ ಕವಡೆ ತೆಗೆದು ಅವನ ಮುಂದಿಟ್ಟಳು. ಅವನ ಕಾಯನ್ನು ಅದೇ ಜಾಗದಲ್ಲಿ, ನಡುಮನೆಯ ಪಕ್ಕದಲ್ಲಿ ಇಟ್ಟಳು.

“ಎಲ್ಲಿತ್ತು ಅಂತ ಮರೆತಿಲ್ವಾ?”

“ಇಲ್ಲ. ಹಾಕಿ, ನಿಮ್ಮದೇ ಸರದಿ.”

“ಇವತ್ತು ಒಂದು ಬೀಳದೇ ಇದ್ರೆ?”

“ನಾಳೆ ಹಾಕಿ. ನಾನು ಇಲ್ಲೇ ಎದುರಿಗೇ ಕೂತಿರ್ತೀನಿ.”

ಅವನು ಕವಡೆಗಳನ್ನು ಅವಳ ಅಂಗೈಯಲ್ಲೇ ಇಟ್ಟು ಮುಚ್ಚಿದ.

“ನೀನೇ ಹಾಕು, ಅಲಮೇಲು.”